ಕೆಂಪು ಮನೆಯಿಂದ ಹಸಿರು ಮನೆಗೆ

ವಿಮಾನ ಕಂಪನಿಗಳಲ್ಲಿ ಅಪಾಯ ವಾಸ ಮಾಡುವುದು ಎಕ್ಸೆಲ್ ಶೀಟಿನಲ್ಲಿ. ಅಡ್ಡ ಐದು ಮನೆ, ಉದ್ದ ಐದು ಮನೆ, ಒಟ್ಟು 25. ಥೇಟ್ ಚೌಕಾಬಾರದ ಮಣೆ. ಒಂದು ಬದಿಗೆ 1ರಿಂದ 5, ಅಂದರೆ ಅನಾಹುತ ಆಗುವ ಸಾಧ್ಯತೆ ಎಷ್ಟು. ಇನ್ನೊಂದು ಬದಿಗೆ 'ಎ'ಯಿಂದ 'ಇ', ಅಂದರೆ ಆದರೆ ಎಷ್ಟು ಕೆಟ್ಟದಾಗಿ ಆಗುತ್ತದೆ. 5ಎ ಅಂದ್ರೆ ಪದೇ ಪದೇ ಆಗುತ್ತದೆ, ಆದಾಗ ಯಾರೂ ಉಳಿಯುವುದು ಕಷ್ಟ. ಕಡು ಕೆಂಪು. 1ಇ ಅಂದ್ರೆ ಆಗುವುದೇ ಇಲ್ಲ ಅನ್ನಬಹುದು, ಆದರೂ ಚಿಂತೆಯಿಲ್ಲ. ಹಸಿರು. ನಡುವೆ ಹಳದಿ. ಅಲ್ಲಿ ಯಾರಾದರೂ ದೊಡ್ಡವರು ಸಹಿ ಹಾಕಿದರೆ ವಿಮಾನ ಹೊರಡುತ್ತದೆ.

ಈ ಕೋಷ್ಟಕದ ಹಿಂದಿನ ಯೋಚನೆ ಕೆಟ್ಟದ್ದಲ್ಲ. ಅಪಘಾತ ಆದಮೇಲೆ ಎದೆ ಬಡಿದುಕೊಳ್ಳುವ ಬದಲು ಮೊದಲೇ ಅಪಾಯ ಹುಡುಕಿ ಅಂತ ಐಕಾವೋ, ಅಂದರೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, 2013ರಲ್ಲಿ ಒಂದು ಅನುಬಂಧವನ್ನೇ ಜಾರಿಗೆ ತಂದಿತು. ಒಳ್ಳೆ ಮಾತೇ. ಆದರೆ ವಿಮಾನದ ದೋಷ ಸರಿಮಾಡಲು ಇಂಜಿನಿಯರ್ ಬೇಕು, ಬಿಡಿಭಾಗ ಬೇಕು, ಹ್ಯಾಂಗರಿನಲ್ಲಿ ಜಾಗ ಬೇಕು. ಕೋಷ್ಟಕದ ಅಂಕಿ ಸರಿಮಾಡಲು ಬ್ಯಾಕ್‌ಸ್ಪೇಸ್ ಸಾಕು. ಯಾವುದು ಬೇಗ ಮುಗಿಯುತ್ತದೆ ಅಂತ ಬೇರೆ ಹೇಳಬೇಕಾ?

ಒಂದು ಕಂಪನಿ ಇದೆ ಅಂದುಕೊಳ್ಳಿ. ಊಹೆಯ ಕಂಪನಿ, ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿಲ್ಲ. ತಿಂಗಳ ಸೇಫ್ಟಿ ಮೀಟಿಂಗ್ ನಡೆಯುತ್ತಿದೆ. ಸಾಲು ಸಾಲು ರಾತ್ರಿ ಡ್ಯೂಟಿ ಮಾಡಿ ಪೈಲಟ್‌ಗಳಿಗೆ ನಿದ್ದೆ ಸಾಲುತ್ತಿಲ್ಲ, ಬೆಳಗಿನ ಜಾವ ಇಳಿಯುವ ಹೊತ್ತಿಗೆ ಇಬ್ಬರೂ ತೂಕಡಿಸುತ್ತಿದ್ದರು ಅಂತ ಒಂದು ವರದಿ ಬಂದಿದೆ.

"4ಎ ಹಾಕಿದ್ದೀನಿ ಸರ್" ಅನ್ನುತ್ತಾನೆ ಸೇಫ್ಟಿ ವಿಭಾಗದ ಹುಡುಗ.

"4 ಯಾಕಪ್ಪಾ? ಇಲ್ಲಿವರೆಗೆ ನಮ್ಮದು ಯಾವುದಾದ್ರೂ ಬಿದ್ದಿದೆಯಾ?"

"ಇಲ್ಲ ಸರ್."

"ಮತ್ತೆ? 2 ಹಾಕು."

"ಹಾಕಿದೆ ಸರ್. ಆದ್ರೂ ಹಳದಿ ತೋರಿಸ್ತಿದೆ."

"ಮುಂದೆ ಇಬ್ಬರು ಕೂತಿರ್ತಾರೆ ತಾನೇ? ಒಬ್ಬ ಮಲಗಿದ್ರೆ ಇನ್ನೊಬ್ಬ ಎದ್ದಿರ್ತಾನೆ. ಅದಕ್ಕೆ ಎ ಯಾಕೆ, ಡಿ ಮಾಡು."

"ಸರ್, ಇಬ್ಬರೂ ತೂಕಡಿಸಿದ್ರು ಅಂತಾನೇ ವರದಿ ಇರೋದು."

"ಇಬ್ಬರೂ ತೂಕಡಿಸಿದ್ರೆ ವರದಿ ಬರೆದೋನು ಯಾರು?"

ಹುಡುಗನ ಹತ್ತಿರ ಉತ್ತರ ಇಲ್ಲ. 2ಡಿ. ಹಸಿರು. ಆದರೆ 'ಕೈಗೊಂಡ ಕ್ರಮ' ಅನ್ನುವ ಕಾಲಂ ಖಾಲಿ ಬಿಡುವ ಹಾಗಿಲ್ಲ. ಹಾಗಾಗಿ ಆಯಾಸ ನಿರ್ವಹಣೆ ಬಗ್ಗೆ ಎರಡು ಗಂಟೆಯ ಆನ್‌ಲೈನ್ ಕೋರ್ಸ್ ಕಡ್ಡಾಯವಾಗುತ್ತದೆ. ಡ್ಯೂಟಿ ವೇಳೆಯಲ್ಲಿ ಮಾಡುವಂತಿಲ್ಲ, ರಜೆಯ ದಿನ ಮುಗಿಸಬೇಕು. ಕೊನೆಯಲ್ಲಿ ಪರೀಕ್ಷೆ. ಪ್ರಶ್ನೆ: ಆಯಾಸವಾದಾಗ ಏನು ಮಾಡಬೇಕು? ಸರಿ ಉತ್ತರ: ವಿಶ್ರಾಂತಿ ಪಡೆಯಬೇಕು. ಉತ್ತರ ಸರಿಯಾದರೆ ಸರ್ಟಿಫಿಕೇಟ್ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ರಾತ್ರಿ ಡ್ಯೂಟಿಗೆ ಹೊರಡಬಹುದು.

ಇದೆಲ್ಲ ಸುಮ್ನೆ ಕಟ್ಟುಕತೆ ಅನ್ನುವವರು ನಿಜದ ಲೆಕ್ಕ ನೋಡಬೇಕು. 1986ರಲ್ಲಿ ಅಮೆರಿಕದ ಬಾಹ್ಯಾಕಾಶ ಶಟಲ್ ನೌಕೆ ಚಾಲೆಂಜರ್ ನಾಶವಾದ ಮೇಲೆ ತನಿಖಾ ಆಯೋಗದಲ್ಲಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್, ನೌಕೆ ಕಳೆದುಕೊಳ್ಳುವ ಸಾಧ್ಯತೆ ಎಷ್ಟು ಅಂತ ವಿಚಾರಿಸಿದರು. ಕೆಲಸ ಮಾಡುವ ಇಂಜಿನಿಯರ್‌ಗಳು 100ಕ್ಕೆ 1 ಅಂದರು. ಆಡಳಿತದವರು 1,00,000ಕ್ಕೆ 1 ಅಂದರು. ಅಂದರೆ ದಿನಕ್ಕೊಂದರಂತೆ ಸುಮಾರು 300 ವರ್ಷ ಹಾರಿಸಿದರೆ ಒಂದು ಹೋದೀತು. ಕುರ್ಚಿ ಮೇಲೇರಿದ ಹಾಗೆ ನೌಕೆ ಸಾವಿರ ಪಟ್ಟು ಗಟ್ಟಿಯಾಗುತ್ತದೆ ನೋಡಿ! ಕೊನೆಗೆ ಶಟಲ್‌ಗಳು ಹಾರಿದ್ದು 135 ಸಲ. ಕಳೆದುಕೊಂಡಿದ್ದು 2. ಇಂಜಿನಿಯರ್‌ಗಳೇ ಸ್ವಲ್ಪ ಜಾಸ್ತಿ ಆಶಾವಾದಿಗಳಾಗಿದ್ದರು ಅಂತಾಯಿತು.

ಬೋಯಿಂಗ್ 737 ಮ್ಯಾಕ್ಸ್ ಕತೆಯಲ್ಲಿ ಅಂಕಿಗಳು ಇನ್ನೂ ವಿಧೇಯ. ವಿಮಾನದ ಮೂಗನ್ನು ತಾನಾಗಿಯೇ ಕೆಳಕ್ಕೆ ತಳ್ಳುವ ಎಂಕ್ಯಾಸ್ ಅನ್ನುವ ವ್ಯವಸ್ಥೆ ಒಂದೇ ಒಂದು ಸೆನ್ಸರಿನ ಮಾತು ಕೇಳುತ್ತಿತ್ತು. ಆ ಸೆನ್ಸರ್ ಸುಳ್ಳು ಹೇಳಿದರೆ? ಪೈಲಟ್ 4 ಸೆಕೆಂಡಿನಲ್ಲಿ ಗುರುತಿಸಿ ಸರಿಮಾಡುತ್ತಾನೆ ಅಂತ ಬೋಯಿಂಗ್ ಎಣಿಸಿತ್ತು. ಕಂಪನಿಯ ಸ್ವಂತ ಪರೀಕ್ಷಾ ಪೈಲಟ್‌ಗೇ ಸಿಮ್ಯುಲೇಟರಿನಲ್ಲಿ 10 ಸೆಕೆಂಡಿಗಿಂತ ಹೆಚ್ಚು ಹಿಡಿದಿತ್ತು. ಮಿಕ್ಕ ಪೈಲಟ್‌ಗಳ ಕೈಪಿಡಿಯಲ್ಲಿ ಆ ವ್ಯವಸ್ಥೆಯ ವಿವರಣೆಯೇ ಇರಲಿಲ್ಲ. ಇಲ್ಲದ್ದನ್ನು ನಾಲ್ಕು ಸೆಕೆಂಡಿನಲ್ಲಿ ಗುರುತಿಸಬೇಕು!

2018ರ ಅಕ್ಟೋಬರ್‌ನಲ್ಲಿ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಆಮೇಲೆ ಅಮೆರಿಕದ ನಿಯಂತ್ರಕ ಎಫ್‌ಎಎ ಲೆಕ್ಕ ಹಾಕಿತು. ಏನೂ ಮಾಡದೆ ಬಿಟ್ಟರೆ ಈ ವಿಮಾನಗಳ ಆಯುಸ್ಸಿನಲ್ಲಿ ಇನ್ನೂ ಸುಮಾರು 15 ಮಾರಣಾಂತಿಕ ಅಪಘಾತ ಆಗಬಹುದು ಅಂತ ಉತ್ತರ ಬಂತು. ವಿಮಾನ ನಿಲ್ಲಿಸಲಿಲ್ಲ. ಪೈಲಟ್‌ಗಳಿಗೆ ಸೂಚನೆ ಹೋಗಿದೆ, ಸಾಫ್ಟ್‌ವೇರ್ ತಿದ್ದುವವರೆಗೆ ನಡೆಯುತ್ತದೆ ಅಂದುಕೊಂಡರು. ಐದು ತಿಂಗಳೂ ನಡೆಯಲಿಲ್ಲ. 2019ರ ಮಾರ್ಚ್‌ನಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನದಲ್ಲಿ 157 ಜನ ಹೋದರು. ಬೇರೆ ಬೇರೆ ದೇಶಗಳು ಒಂದರ ಹಿಂದೆ ಒಂದು ಮ್ಯಾಕ್ಸ್ ನಿಲ್ಲಿಸಿದ ಮೇಲೆ ಕೊನೆಗೆ ಎಫ್‌ಎಎ ಕೂಡ ನಿಲ್ಲಿಸಿತು.

ಇನ್ನು ತಪ್ಪು ಕಂಡವರು ಹೆದರದೆ ಹೇಳಲಿ ಅಂತ ಗುಟ್ಟಿನ ವರದಿ ವ್ಯವಸ್ಥೆ ಇದೆ. ಅಮೆರಿಕದಲ್ಲಿ 1976ರಿಂದ ಇಂಥ ವರದಿಗಳನ್ನು ತೆಗೆದುಕೊಳ್ಳುವುದು ನಾಸಾ. ದಂಡ ಹಾಕುವ ಕಚೇರಿಗೇ ಹೋಗಿ ತಪ್ಪೊಪ್ಪಿಕೊಳ್ಳಲು ಯಾರಿಗೆ ಧೈರ್ಯ ಬರುತ್ತದೆ, ಅಲ್ವಾ? ನಮ್ಮ ಊಹೆಯ ಕಂಪನಿಯಲ್ಲೂ ಒಂದು ಫಾರಂ ಇದೆ. ಹೆಸರು ಬರೆಯುವುದು ಕಡ್ಡಾಯ ಅಲ್ಲ. ಕಡ್ಡಾಯ ಇರುವುದು ವಿಮಾನದ ಸಂಖ್ಯೆ, ದಿನಾಂಕ, ವೇಳೆ, ಮತ್ತು ನೀವು ಕೂತಿದ್ದು ಎಡಗಡೆ ಸೀಟಿನಲ್ಲೋ ಬಲಗಡೆಯೋ ಅನ್ನುವುದು. ಎರಡನೇ ತಿಂಗಳಿಂದ ವರದಿಗಳು ಕಡಿಮೆಯಾದವು. ಗ್ರಾಫ್ ಇಳಿದದ್ದು ನೋಡಿ ಸೇಫ್ಟಿ ವಿಭಾಗಕ್ಕೆ ಪ್ರಶಸ್ತಿ ಕೊಟ್ಟರು.

ಹಾಗಂತ ಕಾಗದಕ್ಕೆ ಬೆಲೆ ಇಲ್ಲ ಅನ್ನಬೇಡಿ. ವಿಮಾನದಲ್ಲಿ ಏನೇ ಬಿಚ್ಚಿದರೂ ಬರೆದಿಡಬೇಕು ಅನ್ನುವುದು ಈ ಉದ್ಯಮದ ಮೊದಲ ಪಾಠ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ ಸುಮಾರು 15,000 ಅಡಿ ಎತ್ತರದಲ್ಲಿದ್ದಾಗ, ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಕಿತ್ತುಕೊಂಡು ಹೋಯಿತು. ಪುಣ್ಯಕ್ಕೆ ಅದರ ಪಕ್ಕದ ಸೀಟು ಖಾಲಿ ಇತ್ತು, ಯಾರೂ ಸಾಯಲಿಲ್ಲ. ಫಲಕವನ್ನು ಹಿಡಿದಿಡಬೇಕಾದ 4 ಬೋಲ್ಟ್‌ಗಳನ್ನು ಹಾಕಿರಲೇ ಇಲ್ಲ. ಕಾರ್ಖಾನೆಯಲ್ಲಿ ಅದನ್ನು ಯಾರು ಬಿಚ್ಚಿದರು ಅಂತ ತನಿಖೆಯವರು ದಾಖಲೆ ಕೇಳಿದರು. ಸಿಗಲಿಲ್ಲ.

ನಮ್ಮ ಊಹೆಯ ಕಂಪನಿ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಮುಂದಿನ ಮೀಟಿಂಗಿನಲ್ಲಿ ಹೊಸ ಸಾಲು ಸೇರಿತು: ದಾಖಲೆ ಇಲ್ಲದೆ ಕೆಲಸ ನಡೆಯುವ ಅಪಾಯ.

"ಸಾಧ್ಯತೆ ಎಷ್ಟು ಹಾಕಲಿ ಸರ್?"

"ನಮ್ಮಲ್ಲಿ ಯಾವತ್ತಾದ್ರೂ ಹಾಗೆ ನಡೆದಿದ್ದಕ್ಕೆ ದಾಖಲೆ ಇದೆಯಾ?"

"ಇಲ್ಲ ಸರ್."

"1 ಹಾಕು."