ಸ್ಪಷ್ಟನೆ: ಒಂದೇ ಗಾಳದ ಕೋಲು ಎಲ್ಲ ಎರೆಗೂ ಆಗುವುದಿಲ್ಲ

ಅಮೆರಿಕದ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಮೀನು ಹಿಡಿಯಲು ಹೋಗುವ ನಮ್ಮವರ ನಡುವೆ ಒಂದು ಮಾತು ಓಡಾಡುತ್ತಿದೆ: ‘ಏಳಡಿಯ ಮೀಡಿಯಂ ಹೆವಿ, ಫಾಸ್ಟ್ ಕೋಲು ಒಂದಿದ್ದರೆ ಯಾವ ಕೃತಕ ಎರೆಗೂ ಸಾಕು.’ ಇದು ಅರ್ಧ ಸತ್ಯ. ಜಿಗ್‌ಗೂ (ತೂಕದ ತಲೆಯಿರುವ ಕೊಕ್ಕೆ) ಟೆಕ್ಸಾಸ್ ರಿಗ್‌ಗೂ (ಮೆತ್ತನೆಯ ಪ್ಲಾಸ್ಟಿಕ್ ಎರೆಯೊಳಗೆ ಮೊನೆ ಅಡಗಿಸಿದ ಕೊಕ್ಕೆ) ಆ ಕೋಲು ಹೇಳಿ ಮಾಡಿಸಿದಂತಿದೆ. ಅಲ್ಲಿರುವುದು ಒಂದೇ ದಪ್ಪ ಕೊಕ್ಕೆ; ಅದು ದವಡೆಗೆ ನಾಟಬೇಕಾದರೆ ಬಿರುಸಾದ ಎಳೆತ ಬೇಕು.

ಕ್ರ್ಯಾಂಕ್‌ಬೈಟ್ ಎಂಬ ಮರಿಮೀನಿನಾಕಾರದ ಗಟ್ಟಿ ಎರೆಯ ಸಂಗತಿಯೇ ಬೇರೆ. ಅದರ ಹೊಟ್ಟೆಯಲ್ಲೂ ಬಾಲದಲ್ಲೂ ಮೂರು ಮೊನೆಯ ತೆಳು ಕೊಕ್ಕೆಗಳಿರುತ್ತವೆ. ಎಷ್ಟೋ ಸಲ ಅವು ತುಟಿಯಂಚಿಗೆ ಸಿಕ್ಕಿಕೊಂಡಿರುತ್ತವೆ, ಅಷ್ಟೇ. ಮೀನು ನೀರಿನಿಂದ ಚಿಮ್ಮಿ ತಲೆ ಕೊಡವಿದಾಗ ಬಿಗಿ ಕೋಲು ಸಡಿಲಗೊಡುವುದಿಲ್ಲ. ಕೊಕ್ಕೆ ಹರಿದು ಬರುತ್ತದೆ. ಕೊಕ್ಕೆಯನ್ನು ದೂರಿ ಫಲವಿಲ್ಲ. ನಡುವಿನವರೆಗೂ ಬಾಗುವ ಮಾಡರೇಟ್ ಕೋಲು ಆ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ.

ಗೊಂದಲದ ಮೂಲ ಎರಡು ಪದಗಳಲ್ಲಿದೆ. ಪವರ್ ಎಂದರೆ ಕೋಲನ್ನು ಬಾಗಿಸಲು ಬೇಕಾದ ಬಲ; ಮೀಡಿಯಂ ಹೆವಿ, ಹೆವಿ ಎನ್ನುವುದು ಇದನ್ನೇ. ಆ್ಯಕ್ಷನ್ ಎಂದರೆ ಅದು ಬಾಗುವ ಜಾಗ; ಫಾಸ್ಟ್, ಮಾಡರೇಟ್ ಎನ್ನುವುದು ಇದನ್ನು. ಫಾಸ್ಟ್ ಕೋಲು ತುದಿಯಲ್ಲಷ್ಟೇ ಬಾಗುತ್ತದೆ. ಅದಕ್ಕೂ ಎಸೆಯುವ ವೇಗಕ್ಕೂ ಸಂಬಂಧವಿಲ್ಲ.

ಕೊಳ್ಳುವ ಮೊದಲು ಹಿಡಿಯ ಮೇಲ್ಭಾಗದ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ. 1/4–3/4 ಔನ್ಸ್ ಎಂದಿದ್ದರೆ ಸುಮಾರು 7ರಿಂದ 21 ಗ್ರಾಂ ತೂಕದ ಎರೆಗೆ ಅದು ಸರಿ. ಮೂರು ಗ್ರಾಂ ಎರೆ ಕಟ್ಟಿದರೆ ಕೋಲು ಬಾಗುವುದೇ ಇಲ್ಲ, ಎರೆ ಹತ್ತಿರದಲ್ಲೇ ಬೀಳುತ್ತದೆ. ಡ್ರಾಪ್ ಶಾಟ್‌ನಂಥ (ದಾರದ ತುದಿಗೆ ತೂಕ, ಅದರ ಮೇಲೆ ಕೊಕ್ಕೆ) ಹಗುರ ಎರೆಗಳಿಗೆ ಸ್ಪಿನ್ನಿಂಗ್ ಕೋಲು, ಅಂದರೆ ದಾರದ ರಾಟೆ ಕೆಳಗೆ ತೂಗುವ ಕೋಲು ಬೇಕು. ಕಳೆಯ ಮೇಲೆ ಎಳೆಯುವ ಕಪ್ಪೆಯೆರೆಗೆ ಹೆವಿ ಕೋಲು, ಹೆಣೆದ ದಾರ.