ಪಲ್ಲವಿ ಕೇಳಿ ಚರಣ ಮರೆತ ಹಾಡು

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 'ಬಾರ್ನ್ ಇನ್ ದಿ ಯುಎಸ್ಎ' ಎಲ್ಲಾದರೂ ಕೇಳಿಬಂದರೆ ಸಾಕು, ಯಾರೋ ಒಬ್ಬರು 'ಅಮೆರಿಕದವರ ದೇಶಭಕ್ತಿ ಗೀತೆ' ಅನ್ನುತ್ತಾರೆ. ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಕಾಲೇಜಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಆ ಡ್ರಮ್ಸ್ ಏಟು, ಆ ಕೂಗು. 'ನಾನು ಅಮೆರಿಕದಲ್ಲಿ ಹುಟ್ಟಿದವನು' ಅನ್ನುವ ಪಲ್ಲವಿ ಬಂದಾಗ ಜೊತೆಗೆ ಹಾಡುತ್ತಿದ್ದೆ, ಚರಣಗಳಿಗೆ ಕಿವಿ ಕೊಟ್ಟಿರಲಿಲ್ಲ.

ಚರಣಗಳಲ್ಲಿ ಒಬ್ಬ ಬಡ ಹುಡುಗನ ಕಥೆ ಇದೆ. ಊರಲ್ಲಿ ಏನೋ ರಗಳೆ ಮಾಡಿಕೊಳ್ಳುತ್ತಾನೆ. ಕೈಗೆ ಬಂದೂಕು ಕೊಟ್ಟು ವಿಯೆಟ್ನಾಂಗೆ ಕಳಿಸುತ್ತಾರೆ. ವಾಪಸ್ ಬಂದರೆ ತೈಲ ಕಾರ್ಖಾನೆಯಲ್ಲಿ ಕೆಲಸವಿಲ್ಲ. ಮಾಜಿ ಸೈನಿಕರ ಕಚೇರಿಯವರೂ ಕೈಚೆಲ್ಲುತ್ತಾರೆ. ವಿಯೆಟ್ನಾಂನ ಖೇ ಸಾನ್‌ನಲ್ಲಿ ಕಾದಾಡಿದ ಅವನ ಒಡಹುಟ್ಟಿದವನು ಈಗಿಲ್ಲ. ಉಳಿದಿರುವುದು ಒಂದು ಫೋಟೊ, ಪ್ರೀತಿಸಿದ ಹುಡುಗಿಯ ತೋಳಲ್ಲಿ ಅವನಿರುವ ಫೋಟೊ.

ಇದು ಸುಮ್ನೆ ಕೂತು ಹೆಣೆದ ಕಥೆಯಲ್ಲ. ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಫ್ರೀಹೋಲ್ಡ್‌ನಲ್ಲಿ ಬೆಳೆದವರು. ಹದಿಹರೆಯದಲ್ಲಿ ಅವರಿದ್ದ 'ಕ್ಯಾಸ್ಟೀಲ್ಸ್' ಬ್ಯಾಂಡಿನ ಡ್ರಮ್ಮರ್ ಬಾರ್ಟ್ ಹೇನ್ಸ್ ಸೇನೆ ಸೇರಿ 1967ರಲ್ಲಿ ವಿಯೆಟ್ನಾಂನಲ್ಲಿ ತೀರಿಕೊಂಡರು. ಸ್ಪ್ರಿಂಗ್‌ಸ್ಟೀನ್‌ಗೂ ಸೇನೆಯಿಂದ ಕರೆ ಬಂದಿತ್ತು. ದೈಹಿಕ ಪರೀಕ್ಷೆಯಲ್ಲಿ ಬೇಡ ಎಂದು ವಾಪಸ್ ಕಳಿಸಿದರು. ಗೆಳೆಯ ಹೋದ, ತಾನು ಉಳಿದೆ. ಆ ಭಾರ ಈ ಹಾಡಿನೊಳಗೆ ಇದೆ ಅಂತಲೇ ನನ್ನ ನಂಬಿಕೆ.

ಮುಂದೆ, ಯುದ್ಧದಲ್ಲಿ ಗಾಯಗೊಂಡು ವ್ಹೀಲ್‌ಚೇರ್ ಹಿಡಿದ ರಾನ್ ಕೋವಿಕ್ ಅವರ ಆತ್ಮಕಥೆ ಓದಿದರು, ಅವರನ್ನು ಭೇಟಿಯೂ ಆದರು. 1981ರ ಆಗಸ್ಟ್‌ನಲ್ಲಿ ಮಾಜಿ ಸೈನಿಕರ ಸಂಘಟನೆಗೆ ಹಣ ಕೂಡಿಸಲು ಲಾಸ್ ಏಂಜಲೀಸ್‌ನಲ್ಲಿ ಹಾಡಿದರು. ಹಾಡಿನ ಹೆಸರು ಮಾತ್ರ ಸಿನಿಮಾ ನಿರ್ದೇಶಕ ಪಾಲ್ ಶ್ರೇಡರ್ ಕಳಿಸಿದ್ದ ಒಂದು ಚಿತ್ರಕಥೆಯಿಂದ ಬಂದದ್ದು.

1982ರ ಜನವರಿಯಲ್ಲಿ ಮನೆಯ ಮಲಗುವ ಕೋಣೆಯಲ್ಲೇ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಇದನ್ನು ಮೊದಲು ಹಾಡಿಟ್ಟರು. ಅವರ 'ನೆಬ್ರಾಸ್ಕಾ' ಆಲ್ಬಂನ ಹಾಡುಗಳು ಹುಟ್ಟಿದ್ದೂ ಅಲ್ಲೇ. ಆ ರೂಪ ಹೊರಬಂದದ್ದು 1998ರಲ್ಲಿ. ಡ್ರಮ್ಸ್ ಇಲ್ಲ, ಕೀಬೋರ್ಡ್ ಇಲ್ಲ. ಅದೇ ಪಲ್ಲವಿ ಅಲ್ಲಿ ದೆವ್ವ ಮೆಟ್ಟಿದವನ ಗೊಣಗಾಟದ ಹಾಗೆ ಕೇಳುತ್ತದೆ. ಮೊದಲ ಸಲ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1984ರಲ್ಲಿ ಬ್ಯಾಂಡಿನ ಅಬ್ಬರದೊಂದಿಗೆ ಹಾಡು ಲೋಕಕ್ಕೆಲ್ಲ ಮುಟ್ಟಿತು. ಅದೇ ವರ್ಷ ಸೆಪ್ಟೆಂಬರ್ 19ರಂದು ಚುನಾವಣಾ ಭಾಷಣದಲ್ಲಿ ಆಗಿನ ಅಮೆರಿಕ ಅಧ್ಯಕ್ಷ ರೇಗನ್, ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದರು. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗ್‌ನ ವೇದಿಕೆಯಲ್ಲಿ ಆ ಮಾತನ್ನೆತ್ತಿ ಸ್ಪ್ರಿಂಗ್‌ಸ್ಟೀನ್ ಹಾಡಿದ್ದು 'ಜಾನಿ 99'. ಕಾರ್ ಕಾರ್ಖಾನೆ ಮುಚ್ಚಿ, ಕೆಲಸ ಕಳೆದುಕೊಂಡು, ಕೊನೆಗೆ ಕೊಲೆ ಮಾಡಿದವನ ಹಾಡು ಅದು.

'ಬಾರ್ನ್ ಇನ್ ದಿ ಯುಎಸ್ಎ'ಗೆ ಅಷ್ಟು ಜೋರಾದ ಸಂಗೀತ ಕೊಟ್ಟಿದ್ದೇ ತಪ್ಪು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಲಸ ಹೋಯಿತು, ಒಡಹುಟ್ಟಿದವನು ಹೋದ. ಇದು ನಾನು ಹುಟ್ಟಿದ ನೆಲ ಅನ್ನುವುದೊಂದನ್ನು ಅವನಿಂದ ಯಾರೂ ಕಿತ್ತುಕೊಳ್ಳಲಾರರು. ಅದನ್ನು ಅವನು ಮೆಲ್ಲಗೆ ಯಾಕೆ ಹೇಳಬೇಕು? ಆ ಕೂಗಿನಲ್ಲಿ ಸಿಟ್ಟೂ ಇದೆ, ಹಕ್ಕೂ ಇದೆ ಅಲ್ವಾ?

ಇವತ್ತು ಸಮಯ ಸಿಕ್ಕರೆ ಮೊದಲು 1998ರಲ್ಲಿ ಬಂದ ಆ ಒಂಟಿ ಗಿಟಾರಿನ ರೂಪ ಕೇಳಿ. ಬ್ಯಾಂಡಿನದು ಆಮೇಲೆ.