ಗೋಳಗುಮ್ಮಟ ಹೋಗಿ ಮಂಚ ಆಯ್ತು

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಈಗ ಮುಚ್ಚಿಡೋಕೂ ಆಗಲ್ಲ, ಈ ಸಂಕ್ರಾಂತಿಗೆ ಅದು ಇಡೀ ಮನೆಗೆ ಗೊತ್ತಾಗಿಬಿಟ್ಟಿದೆ.

ಸಿದ್ಧೇಶ್ವರ ಜಾತ್ರೆಗೆ ಅಂತ ಬಾಗಲಕೋಟೆಯಿಂದ ಅಕ್ಕ, ಭಾವ, ಅವರ ಮಗ ವಿಜಯಪುರಕ್ಕೆ ಬಂದಿದ್ದರು. ಸಜ್ಜಿ ರೊಟ್ಟಿ, ಎಣಗಾಯಿ, ಅದರ ಮೇಲೆ ಎರಡೆರಡು ಶೇಂಗಾ ಹೋಳಿಗೆ ತಿಂದು ಎಲ್ಲರೂ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ಅಕ್ಕನ ಮಗ, "ಮಾಮಾ, ಎಲ್ಲಾರೂ ಫೋನ್ ತಗೀರಿ, ಗಾರ್ಟಿಕ್ ಫೋನ್ ಆಡೂಣು" ಅಂದ.

ಇದು 2020ರಲ್ಲಿ ಬಂದ ಆಟ. ಬ್ರೆಜಿಲ್‌ನವರು ಮಾಡಿದ್ದು. ದುಡ್ಡು ಬೇಡ, ಲಿಂಕ್ ಒತ್ತಿದರೆ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ನಾವು ಚಿಕ್ಕವರಿದ್ದಾಗ ಸಾಲಾಗಿ ಕೂತು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಡುತ್ತಾ ಕೊನೆಗೆ ಏನೋ ಒಂದು ಆಗಿಬಿಡುತ್ತಿತ್ತಲ್ಲ, ಅದೇ ಆಟ, ಆದರೆ ಚಿತ್ರದಲ್ಲಿ. ಒಬ್ಬರು ಒಂದು ಸಾಲು ಬರೀಬೇಕು. ಅದು ಇನ್ನೊಬ್ಬರ ಫೋನಿಗೆ ಹೋಗುತ್ತದೆ, ಅವರು ಚಿತ್ರ ಬರೀಬೇಕು. ಮೂರನೆಯವರಿಗೆ ಚಿತ್ರ ಮಾತ್ರ ಕಾಣುತ್ತದೆ, ಅದೇನು ಅಂತ ಅವರು ಬರೀಬೇಕು. ಹೀಗೇ ಮುಂದಕ್ಕೆ. ಕೊನೆಗೆ ಎಲ್ಲವನ್ನೂ ಒಂದೊಂದಾಗಿ ತೋರಿಸುತ್ತದೆ, ಮರ್ಯಾದೆ ಹೋಗುವುದು ಆವಾಗಲೇ.

ಕೂತವರು ಐದು ಜನ: ಹುಡುಗ, ನಾನು, ಕಾಕಾ, ಅಕ್ಕ, ಅವ್ವ. ಭಾವ ಮಾತ್ರ ಪೇಪರ್ ಹಿಡಿದು ದೂರ ಕೂತರು. ಅವ್ವನಿಗೆ ಟೈಪ್ ಮಾಡಲು ಬೇಜಾರು, ಮೈಕ್ ಒತ್ತಿ ಮಾತಾಡುತ್ತಾಳೆ. ಮೊದಲ ಆಟದಲ್ಲಿ ಅವಳ ಗುಟ್ಟೆಲ್ಲ ಪಡಸಾಲೆಗೇ ಕೇಳಿಸಿತು. ಎರಡನೇ ಆಟಕ್ಕೆ ಅವಳನ್ನು ಅಡಿಗಿಮನಿಗೆ ಕಳಿಸಿದೆವು.

ನನಗೆ ಬಂದ ಸಾಲು: "ಗೋಳಗುಮ್ಮಟದಾಗ ಮಾಮಾ ಒದರಿದ." ನಮ್ಮೂರಿನದೇ, ಇದೇನು ಮಹಾ ಅಂದುಕೊಂಡೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಶಾಲೆಯವರು ಕರೆದುಕೊಂಡು ಹೋದಾಗ ಮೇಲೆ ಹತ್ತಿ ಒದರಿ ಏಳು ಸಲ ಮರುದನಿ ಬರುತ್ತದಾ ಅಂತ ಎಣಿಸಿದ್ದೇನೆ. ಆದರೆ ಹೊರಗಡೆ ಸುಮಾರು 44 ಮೀಟರ್ ಅಗಲ ಇರುವ ಗುಮ್ಮಟವನ್ನು ಹೆಬ್ಬೆರಳಿನಿಂದ ಅಂಗೈಯಷ್ಟು ಜಾಗದಲ್ಲಿ ಕೂರಿಸುವುದು ಬೇರೆಯೇ ಕೆಲಸ. ಮುಂದಿನಿಂದ ನೋಡಿದರೆ ಎರಡೇ ಮಿನಾರು ಎದ್ದು ಕಾಣುತ್ತವೆ, ನಾನು ಊರಿನ ಅಭಿಮಾನದಿಂದ ನಾಲ್ಕೂ ಬರೆದೆ. ಏಳೇಳು ಅಂತಸ್ತಿನ ಮಿನಾರುಗಳು ಬರೀ ನಾಲ್ಕು ಕೋಲಾದವು. ಗುಮ್ಮಟ ಒಂದು ಕಡೆ ಜಗ್ಗಿತು. ಅಳಿಸಿ ಮತ್ತೆ ಬರೆಯೋಣ ಅನ್ನುವಷ್ಟರಲ್ಲಿ ಟೈಮ್ ಮುಗಿಯಿತು. ಪಕ್ಕದಲ್ಲಿ ಬಾಯಿ ತೆರೆದ ನಾನು.

ಅಷ್ಟೊತ್ತಿಗೆ ಕಾಕಾ ಕನ್ನಡಕ ಹಣೆಗೇರಿಸಿ, "ಯಾರಪಾ ಇದನ್ನ ಬರದವ್ರು?" ಅಂದರು. ನಾನು ಸುಮ್ನೆ ಫ್ಯಾನ್ ನೋಡಿದೆ.

ಸ್ವಲ್ಪ ಹೊತ್ತಿಗೆ ಅಡಿಗಿಮನಿಯಿಂದ ಅವ್ವನ ದನಿ. "ಇಟ್ಟಂಗಿ." ಮತ್ತೆ, "ಇಟ್ಟಂಗಿ." ಆಮೇಲೆ ಜೋರಾಗಿ, "ಇಡ್ಲಿ ಅಲ್ಲೋ ಮಾರಾಯಾ, ಇಟ್ಟಂಗಿ!" ಗೋಳಗುಮ್ಮಟದಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ.

ಆಟ ಮುಗಿದು ಹುಡುಗ ಟೀವಿಗೆ ಹಾಕಿದ. ಮೊದಲು ಅವನ ಸಾಲು. ಆಮೇಲೆ ನನ್ನ ಚಿತ್ರ. ಎಷ್ಟು ನಕ್ಕರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾಕಾ ಬರೆದದ್ದು: "ಸೊಳ್ಳಿ ಪರದೆ ಕಟ್ಟೂ ಮಂಚ. ಮ್ಯಾಲೆ ಕುಂಬಳಕಾಯಿ. ಬಾಜೂಕ ಒಬ್ಬಾಂವ ಅಳಾಕತ್ತಾನ."

ಮುಂದಿನದು ಅಕ್ಕನ ಚಿತ್ರ. ಅಕ್ಕನ ಕೈ ಅಂದ್ರೆ ರಂಗೋಲಿ ಕೈ. ಮಂಚ, ದಿಂಬು, ಗೆರೆ ಗೆರೆಯ ಚಾದರ, ಕುಂಬಳಕಾಯಿಗೆ ತೊಟ್ಟು ಕೂಡ ಇತ್ತು. ಮಂಚಕ್ಕೆ ಮೂರು ಕಾಲು. ನಾಲ್ಕನೆಯದರ ಜಾಗದಲ್ಲಿ ಒಂದರ ಮೇಲೊಂದು ಎರಡು ಇಟ್ಟಂಗಿ.

ಅವ್ವ ಬರೆದ ಕೊನೆಯ ಸಾಲು: "ಮಂಚದ ಕಾಲ ಮುರದೈತಿ, ಇಟ್ಟಂಗಿ ಇಟ್ಟಾರ, ಬಿದ್ದಾಂವ ಅಳಾಕತ್ತಾನ."

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಅಕ್ಕನ ಮದುವೆಗೆ ಸಾಗವಾನಿ ಮಂಚ ಮಾಡಿಸಿದ್ದು ಅವಳೇ, ಬಡಿಗ್ಯಾರನ ಎದುರು ದಿನಾ ಕೂತು. "ಯವ್ವಾ, ಕಾಕಾ ಇಟ್ಟಂಗಿ ಅಂದೇ ಇಲ್ಲಲ್ಲ. ನೀ ಯಾಕ ಬರದಿ?" ಅಂತ ಅಕ್ಕನನ್ನು ಕೇಳಿದಳು.

"ಸುಮ್ನ ಬರದೇನಿ ಬೇ" ಅಂದಳು ಅಕ್ಕ.

"ಇಲ್ಲ ಆಯಿ, ನಮ್ಮನ್ಯಾಗ ಹಂಗ ಐತಿ" ಅಂದ ಹುಡುಗ. "ದಸರಾದಾಗ ಅಪ್ಪ ಧಪ್ ಅಂತ ಕುಂತಿದ್ರು."

ಭಾವನ ಪೇಪರ್ ನಿಧಾನಕ್ಕೆ ಮೇಲೇರಿ ಮುಖ ಪೂರ್ತಿ ಮುಚ್ಚಿತು. ಕಾಕಾ ಅವಸರ ಅವಸರವಾಗಿ, "ನಡೀರಿ, ಇನ್ನೊಂದ್ ಆಟ ಆಡೂಣು" ಅಂದರು.

ಮುಂದಿನ ಆಟದಲ್ಲಿ ನನಗೆ ಅವ್ವನ ಸಾಲೇ ಬಂತು. "ನಾಳೆ ಬಡಿಗ್ಯಾರನ ಕರಸ್ರಿ." ಉಳಿ, ಸುತ್ತಿಗೆ, ಮಂಚ, ಪಕ್ಕದಲ್ಲಿ ಭಾವ, ಎಲ್ಲಾ ಬರೆದೆ. ಕಾಕಾ ಅದನ್ನು ನೋಡಿ ಬರೆದರು: "ಡಾಕ್ಟರ್ ಇಂಜೆಕ್ಷನ್ ಮಾಡಾಕತ್ತಾನ."